ಇನ್ನೂರಿಪ್ಪತ್ತೆರಡು – ಸೊನ್ನೆ

222. ಏಕದಿನ ಕ್ರಿಕೆಟ್‌ನಲ್ಲಾದರೆ ಯಾರೂ ಹುಬ್ಬೇರಿಸದ ಮೊತ್ತ. ಬೌಲರ್‌ಗಳು ಮನಸ್ಸು ಮಾಡಿದರೆ ಉಳಿಸಿಕೊಳ್ಳಬಹುದು, ಇಲ್ಲದಿದ್ದರೆ ಇಲ್ಲ. ಆದರೆ 1916ರ ಅಕ್ಟೋಬರ್ 7ರಂದು ಅಮೆರಿಕದ ಅಟ್ಲಾಂಟಾ ನಗರದ ಗ್ರಾಂಟ್ ಫೀಲ್ಡ್‌ನಲ್ಲಿ ಜಾರ್ಜಿಯಾ ಟೆಕ್ ತಂಡ ಇಷ್ಟು ಅಂಕ ಗಳಿಸಿದ್ದು ಫುಟ್‌ಬಾಲ್ ಪಂದ್ಯದಲ್ಲಿ. ಅದೂ ಒಂದು ಗಂಟೆ ತುಂಬದ ಆಟದಲ್ಲಿ. ಎದುರಾಳಿ ಕಂಬರ್ಲೆಂಡ್ ಕಾಲೇಜಿನ ಖಾತೆಯಲ್ಲಿದ್ದದ್ದು ಸೊನ್ನೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ಅಂತರದ ಸೋಲು ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೆ ಇವತ್ತಿನವರೆಗೂ ಆಗಿಲ್ಲ.

ಅಂದು ಸೋತವರದು ನಿಜಕ್ಕೂ ಒಂದು ತಂಡವೇ ಆಗಿರಲಿಲ್ಲ. ಆ ವರ್ಷ ಕಂಬರ್ಲೆಂಡ್ ಕಾಲೇಜು ಫುಟ್‌ಬಾಲ್ ಆಟವನ್ನೇ ಕೈಬಿಟ್ಟಿತ್ತು. ಒಂದು ಹಳೆಯ ಕರಾರು ಮಾತ್ರ ರದ್ದಾಗದೆ ಉಳಿದಿತ್ತು. ಅದನ್ನು ಮುರಿದರೆ ಕಟ್ಟಬೇಕಾಗಿದ್ದ ದಂಡದಿಂದ ತಪ್ಪಿಸಿಕೊಳ್ಳಲು, ಪಂದ್ಯದ ಅನುಭವವೇ ಇಲ್ಲದ ಒಂದಷ್ಟು ವಿದ್ಯಾರ್ಥಿಗಳನ್ನು ರೈಲು ಹತ್ತಿಸಿ ಕಳಿಸಲಾಯಿತು.

ಮೊದಲು ಆಟದ ಬಗ್ಗೆ ಎರಡು ಮಾತು. ನಾವು ಫುಟ್‌ಬಾಲ್ ಎನ್ನುವ ಆಟ ಅಮೆರಿಕದವರಿಗೆ ಸಾಕರ್. ಅವರ ಫುಟ್‌ಬಾಲ್‌ನಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕಂಕುಳಲ್ಲಿ ಅವಚಿಕೊಂಡು ಓಡುತ್ತಾರೆ, ಎದುರಾಳಿಗಳು ಮೈಮೇಲೆ ಬಿದ್ದು ತಡೆಯುತ್ತಾರೆ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಯತ್ನ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಇದಕ್ಕೆ ‘ಫಸ್ಟ್ ಡೌನ್’ ಎನ್ನುತ್ತಾರೆ. ಎದುರಾಳಿಯ ಗಡಿಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಆ ಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ.

ಆಟ ಆಗ ಇಷ್ಟು ಅಚ್ಚುಕಟ್ಟಾಗಿ ನೆಲೆಯೂರಿ ಹೆಚ್ಚು ಕಾಲವಾಗಿರಲಿಲ್ಲ. 1905ರಲ್ಲಿ ಮೈದಾನದ ಸಾವುನೋವು ಎಷ್ಟು ಹೆಚ್ಚಿತ್ತೆಂದರೆ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದ್ದರು. ಮರುವರ್ಷ ನಿಯಮಗಳು ಬದಲಾದವು, ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ನಾಲ್ಕು ಯತ್ನ, ಟಚ್‌ಡೌನ್‌ಗೆ ಆರು ಅಂಕ ಎಂಬ ಲೆಕ್ಕ ಬಂದದ್ದು 1912ರಲ್ಲಿ. ಹೆಲ್ಮೆಟ್ ಇನ್ನೂ ಚರ್ಮದ್ದೇ. ಬೇಕಿದ್ದವರು ಹಾಕಿಕೊಳ್ಳುತ್ತಿದ್ದರು, ಬೇಡದವರು ಬರಿದಲೆಯಲ್ಲೇ ನುಗ್ಗುತ್ತಿದ್ದರು. ಕಾಲೇಜು ಆಟದಲ್ಲಿ ಅದು ಕಡ್ಡಾಯವಾಗಲು 1939 ಬರಬೇಕಾಯಿತು.

ಒಂದು ಕಾಲದ ಹುಲಿಗಳು

ಕಂಬರ್ಲೆಂಡ್ ಇರುವುದು ಟೆನೆಸ್ಸೀ ರಾಜ್ಯದ ಲೆಬನಾನ್ ಎಂಬ ಸಣ್ಣ ಊರಿನಲ್ಲಿ, ನ್ಯಾಶ್‌ವಿಲ್ ನಗರಕ್ಕೆ ಪೂರ್ವದಲ್ಲಿ. ಪ್ರೆಸ್ಬಿಟೇರಿಯನ್ ಪಂಥದ ಒಂದು ಚರ್ಚು 1842ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆ ಅದು. ಅಂತರ್ಯುದ್ಧದ ಕಾಲದಲ್ಲಿ ಅದರ ಕಟ್ಟಡ ಸುಟ್ಟು ಬೂದಿಯಾಯಿತು, ಸಂಸ್ಥೆ ಮತ್ತೆ ಎದ್ದು ನಿಂತಿತು. ಅದಕ್ಕೆ ಹೆಸರು ತಂದದ್ದು 1847ರಲ್ಲಿ ಶುರುವಾದ ಕಾನೂನು ಶಾಲೆ. ಮುಂದೆ ಅಮೆರಿಕದ ವಿದೇಶಾಂಗ ಮಂತ್ರಿಯಾಗಿ, 1945ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಕಾರ್ಡೆಲ್ ಹಲ್ ಓದಿದ್ದು ಇಲ್ಲೇ.

ಫುಟ್‌ಬಾಲ್‌ನಲ್ಲೂ ಈ ಕಾಲೇಜು ಮೊದಲಿಂದ ಬಡಪಾಯಿಯೇನಲ್ಲ. 1903ರಲ್ಲಿ ಇದೇ ಕಂಬರ್ಲೆಂಡ್ ಬಲಾಢ್ಯ ವ್ಯಾಂಡರ್‌ಬಿಲ್ಟ್ ತಂಡವನ್ನು 6–0 ಅಂತರದಲ್ಲಿ ಮಣಿಸಿತ್ತು. ನವೆಂಬರ್‌ನಲ್ಲಿ ದಕ್ಷಿಣದ ರಾಜ್ಯಗಳಿಗೆ ಪ್ರವಾಸ ಹೊರಟು, ಐದು ದಿನಗಳಲ್ಲಿ ಮೂರು ಪಂದ್ಯವಾಡಿ, ಅಲಬಾಮಾವನ್ನು 44–0, ಲೂಸಿಯಾನಾ ಸ್ಟೇಟ್ ತಂಡವನ್ನು 41–0, ಟುಲೇನ್ ತಂಡವನ್ನು 28–0 ಹೀಗೆ ಬಡಿದು ಬಂದಿತ್ತು. ಮೂರರಲ್ಲೂ ಎದುರಾಳಿಗೆ ಒಂದು ಅಂಕ ಬಿಟ್ಟುಕೊಡಲಿಲ್ಲ. ಇಂದು ಅಲಬಾಮಾ, ಲೂಸಿಯಾನಾ ತಂಡಗಳ ಆಟ ನೋಡಲು ಲಕ್ಷದಷ್ಟು ಜನ ಸೇರುತ್ತಾರೆ ಎಂಬುದನ್ನು ಬಲ್ಲವರಿಗೆ ಈ ಅಂಕಪಟ್ಟಿ ಅಚ್ಚಿನ ತಪ್ಪಿನಂತೆ ಕಂಡರೆ ಆಶ್ಚರ್ಯವಿಲ್ಲ.

ಆ ವರ್ಷದ ಕೊನೆಯ ಪಂದ್ಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಮಾಂಟ್‌ಗೊಮರಿಯಲ್ಲಿ. ದಕ್ಷಿಣದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಆಟ. ಎದುರಿಗಿದ್ದದ್ದು ಕ್ಲೆಮ್‌ಸನ್ ಕಾಲೇಜು. ಪಂದ್ಯ 11–11ರಲ್ಲಿ ಸಮವಾಯಿತು. ಕ್ಲೆಮ್‌ಸನ್ ತಂಡದ ಕೋಚ್ ಆಗಿ ಅಂದು ಅಂಚಿನಲ್ಲಿ ನಿಂತಿದ್ದವರು ಜಾನ್ ಹೈಸ್‌ಮನ್. ಹದಿಮೂರು ವರ್ಷದ ನಂತರ ಅಟ್ಲಾಂಟಾದಲ್ಲಿ ಕಂಬರ್ಲೆಂಡ್‌ಗೆ 222 ಅಂಕ ಹೊಡೆಸಿದ ಕೋಚ್ ಕೂಡ ಅವರೇ.

ಹೈಸ್‌ಮನ್ ಎಂಬ ಕೋಚ್

ಅದೇ 1903ರ ಅಕ್ಟೋಬರ್‌ನಲ್ಲಿ ಹೈಸ್‌ಮನ್‌ರ ಕ್ಲೆಮ್‌ಸನ್ ಇನ್ನೊಂದು ಕಾಲೇಜನ್ನು 73–0 ಅಂತರದಲ್ಲಿ ಹಣ್ಣುಗಾಯಿ ನೀರುಗಾಯಿ ಮಾಡಿತ್ತು. ಟಚ್‌ಡೌನ್‌ಗೆ ಐದೇ ಅಂಕ ಇದ್ದ ಕಾಲದ 73 ಅದು. ಹಾಗೆ ಸೋತ ಕಾಲೇಜು ಯಾವುದು? ಜಾರ್ಜಿಯಾ ಟೆಕ್. ಮೈ ಕೊಡವಿಕೊಂಡು ಎದ್ದ ಟೆಕ್‌ನವರು ಮಾಡಿದ ಮೊದಲ ಕೆಲಸ, ತಮ್ಮನ್ನು ಬಡಿದ ಕೋಚನ್ನೇ ತಮ್ಮ ಕಡೆ ಎಳೆದುಕೊಂಡದ್ದು. ವರ್ಷಕ್ಕೆ 2,250 ಡಾಲರ್ ಸಂಬಳ, ಮೇಲೆ ತವರಿನ ಪಂದ್ಯಗಳ ಟಿಕೆಟ್ ಹಣದಲ್ಲಿ ಶೇ 30 ಪಾಲು. 1904ರಿಂದ 1919ರವರೆಗೆ ಹೈಸ್‌ಮನ್ ಅಟ್ಲಾಂಟಾದಲ್ಲೇ ಉಳಿದರು.

ಮನುಷ್ಯ ವಿಚಿತ್ರ ಸ್ವಭಾವದವರು. ಓದಿದ್ದು ಕಾನೂನು, ಹೊಟ್ಟೆಪಾಡಿಗೆ ಹಿಡಿದದ್ದು ಆಟ, ಬೇಸಿಗೆಯಲ್ಲಿ ನಾಟಕ ಕಂಪನಿಗಳಲ್ಲಿ ಪಾತ್ರ. ರಂಗದ ಮಾತಿನ ಧಾಟಿ ಮೈದಾನಕ್ಕೂ ಬರುತ್ತಿತ್ತು. ಚೆಂಡು ಕೈಜಾರಿಸುವ ಬದಲು ಚಿಕ್ಕಂದಿನಲ್ಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಹುಡುಗರಿಗೆ ಪಾಠ ಹೇಳುತ್ತಿದ್ದರು ಎನ್ನುವುದು ಅವರ ಬಗ್ಗೆ ಎಲ್ಲರೂ ಹೇಳುವ ಕಥೆ. ಬಿಸಿನೀರು, ಸೋಪು ಆಟಗಾರರ ಕಸುವು ಕಳೆಯುತ್ತವೆ ಎಂದು ನಂಬಿದ್ದರಂತೆ. ಆದರೆ ಆಟದ ತಲೆ ಮಾತ್ರ ಅಪ್ಪಟ. ಚೆಂಡನ್ನು ಮುಂದಕ್ಕೆ ಎಸೆಯುವುದನ್ನು ಕಾನೂನುಬದ್ಧ ಮಾಡಿ ಎಂದು ನಿಯಮ ಸಮಿತಿಯ ಬೆನ್ನು ಹತ್ತಿದವರಲ್ಲಿ ಹೈಸ್‌ಮನ್ ಮುಂಚೂಣಿಯಲ್ಲಿದ್ದರು.

ಫುಟ್‌ಬಾಲ್ ಜೊತೆಗೆ ಟೆಕ್‌ನ ಬೇಸ್‌ಬಾಲ್ ತಂಡಕ್ಕೂ ಅವರೇ ಕೋಚ್. ಜಗಳದ ಕಿಡಿ ಹತ್ತಿದ್ದು ಅಲ್ಲಿ. 1916ರ ವಸಂತದಲ್ಲಿ ಕಂಬರ್ಲೆಂಡ್‌ನ ಬೇಸ್‌ಬಾಲ್ ತಂಡ ಟೆಕ್‌ಗೆ 22–0 ಅಂತರದ ಸೋಲು ಉಣಿಸಿತು. ಬೇಸ್‌ಬಾಲ್‌ನಲ್ಲಿ ಅದು ಮುಖ ಎತ್ತಿ ತಿರುಗಲಾಗದಂಥ ಸೋಲು. ಆಡಿದವರು ಕಾಲೇಜು ಹುಡುಗರಲ್ಲ, ನ್ಯಾಶ್‌ವಿಲ್‌ನಿಂದ ಕರೆತಂದ ವೃತ್ತಿಪರ ಆಟಗಾರರು ಎಂಬುದು ಹೈಸ್‌ಮನ್‌ರ ಬಲವಾದ ಗುಮಾನಿ. ಅವರು ಅದನ್ನು ಮರೆಯಲಿಲ್ಲ. ಕೆಲವೇ ತಿಂಗಳಲ್ಲಿ ಕಂಬರ್ಲೆಂಡ್ ಫುಟ್‌ಬಾಲ್ ಆಡಲು ಅಟ್ಲಾಂಟಾಕ್ಕೆ ಬರಬೇಕಿತ್ತು. ಕರಾರು ಅವರ ಮೇಜಿನ ಮೇಲಿತ್ತು.

ಐನೂರು ಡಾಲರ್ ಅಥವಾ ಮೂರು ಸಾವಿರ

ಕಂಬರ್ಲೆಂಡ್‌ನ ಕೈ ಆಗ ಬರಿದಾಗಿತ್ತು. ಖರ್ಚು ತೂಗಿಸಲಾಗದೆ ಫುಟ್‌ಬಾಲ್ ನಿಲ್ಲಿಸಿದ್ದಾಗಿತ್ತು. ಆದರೆ ಟೆಕ್ ಜೊತೆಗಿನ ಪಂದ್ಯ ಹಾಗೇ ಉಳಿದುಕೊಂಡಿತ್ತು. ನಮ್ಮಲ್ಲಿ ಈಗ ತಂಡವೇ ಇಲ್ಲ, ಬಿಟ್ಟುಬಿಡಿ ಎಂದರೆ ಹೈಸ್‌ಮನ್ ಕೇಳಲಿಲ್ಲ. ಬಂದು ಆಡಿದರೆ 500 ಡಾಲರ್ ಮತ್ತು ಪ್ರಯಾಣದ ಖರ್ಚು. ಬಾರದಿದ್ದರೆ ಕರಾರಿನ ಪ್ರಕಾರ 3,000 ಡಾಲರ್ ದಂಡ. ಅಂದಿನ 3,000 ಡಾಲರ್ ಎಂದರೆ ಹೈಸ್‌ಮನ್‌ರ ಒಂದು ವರ್ಷದ ಮೂಲ ಸಂಬಳಕ್ಕಿಂತ ಹೆಚ್ಚು. ಒಂದು ಬಡ ಕಾಲೇಜಿಗೆ ಅದು ಬಾಗಿಲು ಹಾಕಿಸಬಲ್ಲ ಮೊತ್ತ.

ಈ ಇಕ್ಕಟ್ಟಿನಿಂದ ಕಾಲೇಜನ್ನು ಪಾರು ಮಾಡುವ ಹೊಣೆ ಬಿದ್ದದ್ದು ಜಾರ್ಜ್ ಅಲೆನ್ ಎಂಬ ಇಪ್ಪತ್ತು ವರ್ಷದ ಕಾನೂನು ವಿದ್ಯಾರ್ಥಿಯ ಮೇಲೆ. ಅವರು ಕಂಬರ್ಲೆಂಡ್‌ನ ಬೇಸ್‌ಬಾಲ್ ತಂಡದ ವ್ಯವಸ್ಥಾಪಕರಾಗಿದ್ದವರು. ಆ 22–0 ಗೆಲುವಿನ ಹಿಂದಿನ ಕೈಯೂ ಅವರದೇ ಎನ್ನುತ್ತಾರೆ. ಹಾಗಾಗಿ ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಅಲೆನ್ ತಮ್ಮ ವಿದ್ಯಾರ್ಥಿ ಸಂಘದ ಗೆಳೆಯರ ಕೈಕಾಲು ಹಿಡಿದರು. ಸೇರಿದವರಲ್ಲಿ ಹೆಚ್ಚಿನವರು ಕಾನೂನಿನ ಹುಡುಗರು. ದಾರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ರೈಲು ಬದಲಿಸುವಾಗ ವ್ಯಾಂಡರ್‌ಬಿಲ್ಟ್‌ನಿಂದ ನಾಲ್ಕಾರು ನುರಿತ ಆಟಗಾರರನ್ನು ಸೆಳೆದುಕೊಳ್ಳುವ ಯೋಜನೆಯಿತ್ತು, ಅದು ಕೈಗೂಡಲಿಲ್ಲ, ಬದಲಿಗೆ ಇದ್ದವರಲ್ಲೇ ಕೆಲವರು ಆ ಊರಿನಲ್ಲಿ ಇಳಿದವರು ಮತ್ತೆ ರೈಲು ಹತ್ತಲೇ ಇಲ್ಲ ಎಂಬ ಕಥೆ ಬಹಳ ಕಾಲ ಚಾಲ್ತಿಯಲ್ಲಿತ್ತು. ಅಂತೂ ಅಟ್ಲಾಂಟಾ ತಲುಪಿದಾಗ ಕಂಬರ್ಲೆಂಡ್‌ನ ಬಲ ಒಂದೂವರೆ ತಂಡದಷ್ಟೂ ಇರಲಿಲ್ಲ.

ಹೈಸ್‌ಮನ್‌ರಿಗೆ ಬೇಸ್‌ಬಾಲ್ ಸೇಡಿನ ಆಚೆಗೂ ಒಂದು ಸಿಟ್ಟಿತ್ತು. ಯಾರ ಮೇಲೆ ಗೆದ್ದರು, ಎಂಥ ಆಟ ಆಡಿದರು ಎಂಬುದನ್ನು ನೋಡದೆ, ಒಟ್ಟು ಎಷ್ಟು ಅಂಕ ಬಾಚಿದರು ಎಂಬುದರ ಮೇಲೆ ಅಂದಿನ ಕ್ರೀಡಾ ವರದಿಗಾರರು ತಂಡಗಳಿಗೆ ಸ್ಥಾನ ಹಂಚುತ್ತಿದ್ದರು. ಬಡ ತಂಡಗಳನ್ನು ಕರೆಸಿ ಅಂಕ ಗುಡ್ಡೆ ಹಾಕಿದರೆ ಸಾಕು, ಚಾಂಪಿಯನ್ ಪಟ್ಟಕ್ಕೆ ಹತ್ತಿರ. ಆ ಲೆಕ್ಕ ಎಷ್ಟು ಪೊಳ್ಳು ಎಂದು ತೋರಿಸುವ ಹಟ ಅವರಿಗಿತ್ತು. ತೋರಿಸಲು ಒಂದು ದುರ್ಬಲ ತಂಡ ಬೇಕಿತ್ತು. ರೈಲಿನಲ್ಲಿ ಬರುತ್ತಿತ್ತು.

ಅಂದಿನ ಆಟ

ಟೆಕ್ ಮೊದಲ ಬಾರಿ ಚೆಂಡು ಪಡೆದು ಆಡಿದ ಮೊದಲ ಯತ್ನಕ್ಕೇ ಎವರೆಟ್ ಸ್ಟ್ರಪ್ಪರ್ ಓಡಿ ಗೆರೆ ದಾಟಿದರು. ಕುಳ್ಳ ದೇಹ, ಕಿವಿ ಮಂದ, ಕಾಲಿಗೆ ಮಾತ್ರ ಚಕ್ರ. ಮುಂದಿನ ವರ್ಷ ಇಡೀ ದೇಶದ ಅತ್ಯುತ್ತಮ ಆಟಗಾರರ ಪಟ್ಟಿಗೆ ಸೇರಿದ ಹುಡುಗ. ಅಲ್ಲಿಂದಾಚೆಗೆ ಪಂದ್ಯ ಒಂದೇ ರಾಗ. ಕಂಬರ್ಲೆಂಡ್ ಚೆಂಡು ಹಿಡಿಯುವುದು, ಅವರ ಕೈಯಿಂದ ಅದು ಜಾರುವುದು, ಟೆಕ್ ಎತ್ತಿಕೊಂಡು ಓಡುವುದು.

ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೊದಲನೆಯದು ಮುಗಿದಾಗ 63–0. ಎರಡನೆಯದರಲ್ಲಿ ಮತ್ತೆ 63. ವಿರಾಮಕ್ಕೆ 126–0. ಮೂರನೆಯದರ ಕೊನೆಗೆ 180, ಆಟದ ಕೊನೆಗೆ 222. ಲೆಕ್ಕ ಬಿಡಿಸಿದರೆ ಕ್ರಮವಾಗಿ ಒಂಬತ್ತು, ಒಂಬತ್ತು, ಎಂಟು ಮತ್ತು ಆರು, ಒಟ್ಟು 32 ಟಚ್‌ಡೌನ್. ಅವುಗಳ ಬೆನ್ನಿಗೆ ಒದೆತದಿಂದ ಬಂದ ಅಂಕ 30, ತಪ್ಪಿದ್ದು ಎರಡೇ. ಜಿಮ್ ಪ್ರಿಯಾಸ್ ಒಬ್ಬರೇ 18 ಬಾರಿ ಚೆಂಡನ್ನು ಕಂಬಗಳ ನಡುವೆ ದಾಟಿಸಿದರು. ನಿಮಿಷಕ್ಕೆ ಸುಮಾರು ನಾಲ್ಕು ಅಂಕದ ವೇಗ.

ಇಷ್ಟಾದರೂ ಟೆಕ್ ಇಡೀ ಪಂದ್ಯದಲ್ಲಿ ಒಂದೇ ಒಂದು ಫಸ್ಟ್ ಡೌನ್ ಗಳಿಸಲಿಲ್ಲ. ಕಂಬರ್ಲೆಂಡ್ ಗಳಿಸದಿದ್ದದ್ದು ಕೈಲಾಗದೆ. ಟೆಕ್ ಗಳಿಸದಿದ್ದದ್ದು ಅಗತ್ಯವೇ ಬೀಳದೆ. ಚೆಂಡು ಸಿಕ್ಕ ಪ್ರತಿ ಸಲವೂ ನಾಲ್ಕು ಯತ್ನ ಮುಗಿಯುವ ಮೊದಲೇ ಟಚ್‌ಡೌನ್ ಆಗುತ್ತಿತ್ತು, ಹೊಸ ನಾಲ್ಕು ಯತ್ನ ಕೇಳುವ ಪ್ರಸಂಗವೇ ಬರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯುವ ನಿಯಮಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಹೈಸ್‌ಮನ್ ಅಂದು ತಮ್ಮ ತಂಡದಿಂದ ಒಂದು ಸಲವೂ ಹಾಗೆ ಎಸೆಸಲಿಲ್ಲ. ಓಟವೇ ಸಾಕಾಯಿತು.

ಕಂಬರ್ಲೆಂಡ್ ಹೂಡಿದ ತಂತ್ರವೂ ಒಂದಿತ್ತು. ಟಚ್‌ಡೌನ್ ಬಿಟ್ಟುಕೊಟ್ಟ ತಂಡ ಮುಂದೆ ಚೆಂಡು ಪಡೆಯಬಹುದಿತ್ತು, ಇಲ್ಲವೇ ಎದುರಾಳಿಗೇ ಒದ್ದು ಕೊಡಬಹುದಿತ್ತು. ಅಂದಿನ ನಿಯಮ ಈ ಆಯ್ಕೆಯನ್ನು ಅಂಕ ತೆತ್ತವರಿಗೇ ಬಿಟ್ಟಿತ್ತು. ಸಾಮಾನ್ಯವಾಗಿ ಯಾರೂ ಬಂದ ಚೆಂಡನ್ನು ಬೇಡವೆನ್ನುವುದಿಲ್ಲ. ಆದರೆ ಕಂಬರ್ಲೆಂಡ್ ಹುಡುಗರಿಗೆ ಬೇಗ ಅರ್ಥವಾಯಿತು, ಚೆಂಡು ತಮ್ಮ ಗೆರೆಯ ಹತ್ತಿರ ತಮ್ಮ ಕೈಯಲ್ಲಿದ್ದರೆ ಅಪಾಯ ಹೆಚ್ಚು. ಜಾರಿದರೆ ಟೆಕ್‌ಗೆ ನಾಲ್ಕು ಹೆಜ್ಜೆಯ ಕೆಲಸ. ಅದರ ಬದಲು ದೂರಕ್ಕೆ ಒದ್ದುಬಿಟ್ಟರೆ ಅವರು ಅಷ್ಟು ದೂರ ಓಡಿಯಾದರೂ ಬರಬೇಕು, ಒಂದಿಷ್ಟು ಹೊತ್ತು ಕಳೆಯುತ್ತದೆ. ಹಾಗಾಗಿ ಅಂಕ ಬಿಟ್ಟುಕೊಟ್ಟ ಮೇಲೂ ಚೆಂಡನ್ನು ಟೆಕ್‌ಗೇ ಒಪ್ಪಿಸತೊಡಗಿದರು. ಟೆಕ್‌ನವರು ಓಡಿ ಬರುತ್ತಲೇ ಇದ್ದರು.

ವಿರಾಮದ ವೇಳೆ 126 ಅಂಕ ಮುಂದಿದ್ದ ತಮ್ಮ ಹುಡುಗರಿಗೆ ಹೈಸ್‌ಮನ್ ಮೈಮರೆಯಬೇಡಿ ಎಂದು ಬುದ್ಧಿ ಹೇಳಿದರು, ಈ ಕಂಬರ್ಲೆಂಡ್‌ನವರು ಅಂಗಿಯ ತೋಳಿನಲ್ಲಿ ಏನು ಬಚ್ಚಿಟ್ಟುಕೊಂಡಿದ್ದಾರೋ ಗೊತ್ತಿಲ್ಲ ಎಂದು ಎಚ್ಚರಿಸಿದರು ಎಂಬುದು ಈ ಪಂದ್ಯದ ಅತಿ ಪ್ರಸಿದ್ಧ ಪ್ರಸಂಗ. ಹೈಸ್‌ಮನ್ ರಂಗನಟ ಕೂಡ ಎಂಬುದನ್ನು ನೆನೆದರೆ, ಅದನ್ನು ಅವರು ಒಂದಿಷ್ಟೂ ನಗದೆ ಹೇಳಿರಬೇಕು. ಕೊನೆಗೆ ಎರಡನೆಯ ಅರ್ಧದ ಆಟದ ಸಮಯವನ್ನು ಕಡಿಮೆ ಮಾಡಿ ಮುಗಿಸಿದರು. ಪೂರ್ತಿ ಆಡಿದ್ದರೆ ಅಂಕ ಎಲ್ಲಿಗೆ ಹೋಗುತ್ತಿತ್ತೋ.

ಸೋತವರು ಕಟ್ಟಿದ ಕಥೆ

ಗೆದ್ದವರ ಕಡೆಯಿಂದ ಬಂದ ಒಳ್ಳೆಯ ಕಥೆ ಒಂದಿದೆ. ಕ್ಯಾಂಟಿ ಅಲೆಗ್ಸಾಂಡರ್ ಎಂಬಾತ ಟೆಕ್ ತಂಡದ ಮುಂಸಾಲಿನ ಆಟಗಾರ. ಆ ಜಾಗದಲ್ಲಿ ಆಡುವವರ ಕೆಲಸ ಎದುರಾಳಿಯನ್ನು ತಡೆಯುವುದು, ಚೆಂಡು ಅವರ ಕೈಗೆ ಬರುವುದೇ ಇಲ್ಲ. ಪಾಪ, ಅವನೂ ಒಂದು ಟಚ್‌ಡೌನ್ ಮಾಡಲಿ ಎಂದು ಗೆಳೆಯರು ನಿರ್ಧರಿಸಿದರಂತೆ. ಎದುರು ಯಾರೂ ಇಲ್ಲದೆ ಓಡುತ್ತಿದ್ದ ಸ್ಟ್ರಪ್ಪರ್ ಗೆರೆಯ ಹತ್ತಿರ ನಿಂತು ಚೆಂಡು ನೆಲಕ್ಕಿಟ್ಟರು. ಮುಂದಿನ ಯತ್ನದಲ್ಲಿ ಚೆಂಡು ಅಲೆಗ್ಸಾಂಡರ್ ಕೈಗೆ. ಅಷ್ಟರಲ್ಲಿ ಗೆಳೆಯರಿಗೆ ಇನ್ನೊಂದು ಕುಚೇಷ್ಟೆ ಹೊಳೆದು, ಅವನ ಮುಂದೆ ದಾರಿ ಬಿಡಿಸದೆ ಸುಮ್ಮನೆ ನಿಂತುಬಿಟ್ಟರಂತೆ. ಆತ ತಾನೇ ಗುದ್ದಾಡಿಕೊಂಡು ಗೆರೆ ದಾಟಬೇಕಾಯಿತು.

ಉಳಿದ ಕಥೆಗಳೆಲ್ಲ ಸೋತವರ ಕಡೆಯವು. ಕಂಬರ್ಲೆಂಡ್ ಆಟಗಾರನೊಬ್ಬನ ಕೈಯಿಂದ ಚೆಂಡು ಜಾರಿ ಇನ್ನೊಬ್ಬನ ಕಾಲ ಬಳಿ ಉರುಳಿತು. ಎತ್ತಿಕೋ ಎಂದು ಮೊದಲನೆಯವನು ಕೂಗಿದ. ಟೆಕ್‌ನ ದಾಂಡಿಗರು ನುಗ್ಗಿ ಬರುವುದನ್ನು ಕಂಡ ಎರಡನೆಯವನು, ಬೀಳಿಸಿದವನು ನೀನು, ನೀನೇ ಎತ್ತಿಕೋ ಎಂದು ಪಕ್ಕಕ್ಕೆ ಸರಿದನಂತೆ. ಮತ್ತೊಂದರಲ್ಲಿ, ಟೆಕ್‌ನ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತ ಕಂಬರ್ಲೆಂಡ್ ಹುಡುಗನನ್ನು ಹೈಸ್‌ಮನ್ ಕಂಡು, ತಮ್ಮಾ, ನಿನ್ನ ಬೆಂಚು ಅದಲ್ಲವೇ ಎಂದು ಕೇಳಿದರೆ, ಅಲ್ಲಿಗೆ ಹೋದರೆ ಮತ್ತೆ ಆಟಕ್ಕೆ ಇಳಿಸುತ್ತಾರೆ ಸಾರ್ ಎಂದನಂತೆ. ಕಂಬರ್ಲೆಂಡ್‌ನ ಅತ್ಯುತ್ತಮ ಆಟವೆಂದರೆ ಬರೀ ಆರು ಗಜ ಹಿಂದೆ ಬಿದ್ದದ್ದು ಎಂಬ ನಗೆಮಾತು ಇವತ್ತಿಗೂ ಅಮೆರಿಕದ ಕ್ರೀಡಾ ಬರಹಗಳಲ್ಲಿ ತಿರುಗುತ್ತಿರುತ್ತದೆ.

ಇವುಗಳಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಬೆಳೆದದ್ದು ಎಂದು ಬೇರ್ಪಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಅಂದು ಮೈದಾನದಲ್ಲಿದ್ದವರು ವಕೀಲಿ ಕಲಿಯುತ್ತಿದ್ದ ಹುಡುಗರು. ಕೈಯಲ್ಲಿ ಸಾಕ್ಷ್ಯವಿಲ್ಲದ ಮೊಕದ್ದಮೆಯನ್ನು ಬರೀ ಮಾತಿನಲ್ಲಿ ಎತ್ತಿ ನಿಲ್ಲಿಸುವುದು ಅವರ ಕಸುಬು. ಅಂಕಪಟ್ಟಿಯಲ್ಲಿ ಸೊನ್ನೆ ಇಟ್ಟುಕೊಂಡು ಊರಿಗೆ ಮರಳಿದವರು ಆ ಸೊನ್ನೆಯ ಸುತ್ತ ಕಥೆ ಕಟ್ಟಿದರು. ಟೆಕ್ ಆಟಗಾರರ ಓಟ, ಒದೆತ ಎಲ್ಲ ದಾಖಲೆ ಪುಸ್ತಕದಲ್ಲಿ ಉಳಿದವು. ಜನರ ಬಾಯಲ್ಲಿ ಉಳಿದದ್ದು ಕಂಬರ್ಲೆಂಡ್.

ಆ ಹುಡುಗರ ಮುಂದಾಳಾಗಿದ್ದ ಜಾರ್ಜ್ ಅಲೆನ್ ಮುಂದೆ ವಾಷಿಂಗ್ಟನ್ ಸೇರಿದರು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಡಳಿತದಲ್ಲಿ ರಾಜಧಾನಿಯ ಕಮಿಷನರ್ ಆದರು, ಟ್ರೂಮನ್ ಕಾಲದಲ್ಲಿ ದೊಡ್ಡ ಸರ್ಕಾರಿ ಹಣಕಾಸು ನಿಗಮದ ನಿರ್ದೇಶಕರಾದರು, ಐಸೆನ್‌ಹೋವರ್‌ಗೂ ಆಪ್ತರಾದರು. ಮೂವರು ಅಧ್ಯಕ್ಷರ ಪಡಸಾಲೆಯಲ್ಲಿ ನಗೆಚಟಾಕಿಗೆ ಹೆಸರಾದವರು. 1950ರಲ್ಲಿ ಅವರು ಬರೆದ ಆತ್ಮಕಥನದ ಹೆಸರು ‘ನನ್ನನ್ನು ಬಲ್ಲ ಅಧ್ಯಕ್ಷರು’ ಎಂಬರ್ಥದ್ದು. ತಾನು ಅಧ್ಯಕ್ಷರನ್ನು ಬಲ್ಲೆ ಎನ್ನದೆ ಅವರೇ ತನ್ನನ್ನು ಬಲ್ಲರು ಎನ್ನುವ ಈ ತುಂಟತನ, 222 ಅಂಕ ತಿಂದು ನಗುತ್ತ ಬಂದವರ ಜಾಯಮಾನಕ್ಕೆ ಹೊಂದುವಂಥದ್ದು.

ಆಮೇಲೆ

ಆ ವರ್ಷ ಟೆಕ್ ಒಂದೂ ಪಂದ್ಯ ಸೋಲಲಿಲ್ಲ. ಆದರೆ ಕಂಬರ್ಲೆಂಡ್ ಪಂದ್ಯವಾಗಿ ಮೂರೇ ವಾರಕ್ಕೆ ವಾಷಿಂಗ್ಟನ್ ಅಂಡ್ ಲೀ ತಂಡದ ಎದುರು ಏಳು ಅಂಕ ಗಳಿಸುವಷ್ಟರಲ್ಲಿ ಸುಸ್ತಾಗಿ, 7–7ರ ಸಮಕ್ಕೆ ತೃಪ್ತಿಪಟ್ಟುಕೊಂಡಿತು. ಅಂಕದ ಗುಡ್ಡೆ ಬಲದ ಅಳತೆಯಲ್ಲ ಎಂಬ ಹೈಸ್‌ಮನ್ ವಾದಕ್ಕೆ ಪುರಾವೆ ಅವರದೇ ತಂಡ ಒದಗಿಸಿತು. 1917ರಲ್ಲಿ ಟೆಕ್ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಎನಿಸಿಕೊಂಡಿತು.

ಹೈಸ್‌ಮನ್ ಅಟ್ಲಾಂಟಾ ಬಿಟ್ಟದ್ದು ಆಟದ ಕಾರಣಕ್ಕಲ್ಲ, ಮನೆಯ ಕಾರಣಕ್ಕೆ. 1919ರಲ್ಲಿ ಅವರಿಗೂ ಪತ್ನಿಗೂ ವಿಚ್ಛೇದನವಾಯಿತು. ಇಬ್ಬರೂ ಒಂದೇ ಊರಿನಲ್ಲಿದ್ದು ಎದುರು ಬದುರಾಗುವ ಮುಜುಗರ ಬೇಡ, ಊರು ಆರಿಸಿಕೊಳ್ಳುವ ಹಕ್ಕು ಆಕೆಯದು ಎಂದು ಬಿಟ್ಟುಕೊಟ್ಟರು. ಆಕೆ ಅಟ್ಲಾಂಟಾದಲ್ಲೇ ಉಳಿಯುತ್ತೇನೆ ಎಂದರು. ಹೈಸ್‌ಮನ್ ಪೆನ್ಸಿಲ್ವೇನಿಯಾಕ್ಕೆ ಹೊರಟರು. 1936ರಲ್ಲಿ ತೀರಿಕೊಂಡ ಮೇಲೆ, ಅದರ ಹಿಂದಿನ ವರ್ಷವಷ್ಟೇ ಶುರುವಾಗಿದ್ದ ಒಂದು ಪ್ರಶಸ್ತಿಗೆ ಅವರ ಹೆಸರಿಟ್ಟರು. ದೇಶದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಪ್ರತಿವರ್ಷ ಕೊಡುವ ಹೈಸ್‌ಮನ್ ಟ್ರೋಫಿ ಅದೇ.

ಕಂಬರ್ಲೆಂಡ್ ದಂಡ ತಪ್ಪಿಸಿಕೊಂಡು ಉಳಿಯಿತು. ಹೆಸರುವಾಸಿಯಾಗಿದ್ದ ಕಾನೂನು ಶಾಲೆ 1961ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ವರ್ಗವಾದರೂ ವಿಶ್ವವಿದ್ಯಾಲಯ ಲೆಬನಾನ್‌ನಲ್ಲೇ ಇದೆ, ಅದಕ್ಕೊಂದು ಫುಟ್‌ಬಾಲ್ ತಂಡವೂ ಇದೆ. ತಂಡದ ಈಗಿನ ಹೆಸರು ಫೀನಿಕ್ಸ್.

1916ರ ಆ ಪಂದ್ಯದಲ್ಲಿ ಬಳಸಿದ ಚರ್ಮದ ಚೆಂಡು ಕ್ಯಾಲಿಫೋರ್ನಿಯಾದ ಕ್ರೀಡಾ ಸಂಗ್ರಹವೊಂದರಲ್ಲಿ ದಶಕಗಳ ಕಾಲ ಇತ್ತು. 2014ರಲ್ಲಿ ಅದು ಹರಾಜಿಗೆ ಬಂತು. ಟೆಕ್‌ನ ಹಳೆಯ ವಿದ್ಯಾರ್ಥಿಯೊಬ್ಬರು 40,388 ಡಾಲರ್ ಕೊಟ್ಟು ಕೊಂಡು, ತಮ್ಮ ಕಾಲೇಜಿಗೆ ಕಾಣಿಕೆಯಾಗಿ ಕೊಟ್ಟರು. ಡಾಲರಿನ ಬೆಲೆ ಅಂದಿನದಲ್ಲ, ನಿಜ. ಆದರೂ ಯಾವ ದಂಡಕ್ಕೆ ಹೆದರಿ ಕಂಬರ್ಲೆಂಡ್ ಹುಡುಗರು ಅಟ್ಲಾಂಟಾದ ರೈಲು ಹತ್ತಿದ್ದರೋ, ಅದರ ಹದಿಮೂರು ಪಟ್ಟಿಗೂ ಮೀರಿದ ಮೊತ್ತ ಅದು.